ಬಾವಿ ನೀರಿನಲ್ಲಿ ಮನೆ ಬಿಯರ್: ಪ್ರಯೋಗಾಲಯದ ವರದಿಯಿಂದ ಮ್ಯಾಶ್ ಪಾತ್ರೆಯವರೆಗೆ

ಅಮೆರಿಕದ ನ್ಯೂಜೆರ್ಸಿ, ಪೆನ್ಸಿಲ್ವೇನಿಯಾದಂತಹ ರಾಜ್ಯಗಳಲ್ಲಿ ಪಟ್ಟಣದಿಂದ ಸ್ವಲ್ಪ ಹೊರಗೆ ಮನೆ ಕೊಂಡ ಕನ್ನಡಿಗರಲ್ಲಿ ಹಲವರ ನಲ್ಲಿಗೆ ಬರುವುದು ಪುರಸಭೆಯ ನೀರಲ್ಲ, ತಮ್ಮದೇ ಅಂಗಳದ ಕೊಳವೆಬಾವಿಯ ನೀರು. ಮನೆಯಲ್ಲಿ ಬಿಯರ್ ತಯಾರಿಸುವ ಹವ್ಯಾಸ ಹಿಡಿದವರಿಗೆ ಈ ನೀರು ವರವೂ ಆಗಬಹುದು, ತಲೆನೋವೂ ಆಗಬಹುದು. ಅದರಲ್ಲಿ ಸಾಮಾನ್ಯವಾಗಿ ಕ್ಲೋರಿನ್ ಇರುವುದಿಲ್ಲ, ಆದ್ದರಿಂದ ನಗರದ ನೀರಿನಿಂದ ಬಿಯರಿಗೆ ಹತ್ತುವ ಆಸ್ಪತ್ರೆಯ ವಾಸನೆಯ ಭಯವಿಲ್ಲ. ಆದರೆ ಅದರಲ್ಲಿ ಏನೇನಿದೆ ಎಂದು ಪ್ರತಿವರ್ಷ ವರದಿ ಕಳಿಸುವವರೂ ಇಲ್ಲ, ಏಕೆಂದರೆ 1974ರ ಸುರಕ್ಷಿತ ಕುಡಿಯುವ ನೀರಿನ ಕಾಯ್ದೆಯ ವ್ಯಾಪ್ತಿಗೆ ಖಾಸಗಿ ಬಾವಿಗಳು ಬರುವುದಿಲ್ಲ. ಪರೀಕ್ಷೆ ಮಾಡಿಸುವ ಹೊಣೆ ಪೂರ್ತಿಯಾಗಿ ಮನೆಯ ಯಜಮಾನರದೇ.

ಕಾನೂನಿನ ವಿಷಯವನ್ನು ಮೊದಲೇ ಮುಗಿಸಿಬಿಡೋಣ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ, 1979ರ ಫೆಬ್ರವರಿಯಿಂದ ಜಾರಿಗೆ ಬಂದ ಒಕ್ಕೂಟ ಕಾನೂನಿನ ಪ್ರಕಾರ, ಒಬ್ಬ ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಯಲ್ಲಿ 200 ಗ್ಯಾಲನ್ ಬಿಯರನ್ನು ಸ್ವಂತ ಬಳಕೆಗೆ ತೆರಿಗೆಯಿಲ್ಲದೆ ತಯಾರಿಸಬಹುದು, ಮಾರುವಂತಿಲ್ಲ. ಕರ್ನಾಟಕದಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ 1965ರ ಅಬಕಾರಿ ಕಾಯ್ದೆಯಡಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ, ಆದ್ದರಿಂದ ಇದನ್ನು ಓದಿ ಊರಿನ ತೋಟದ ಬಾವಿಯ ಮೇಲೆ ಪ್ರಯೋಗಕ್ಕಿಳಿಯಬಾರದು.

ಬಂಡೆ ಮೊದಲು, ಬಿಯರ್ ಆಮೇಲೆ

ಬಿಯರಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರು. ಇಂಗ್ಲೆಂಡಿನ ಬರ್ಟನ್ ಪಟ್ಟಣದ ಬಾವಿಗಳು ಜಿಪ್ಸಮ್ (ಕ್ಯಾಲ್ಸಿಯಂ ಸಲ್ಫೇಟ್) ಪದರಗಳ ಮೂಲಕ ಇಳಿದಿದ್ದುದರಿಂದ ಅಲ್ಲಿನ ನೀರಿನಲ್ಲಿ ಸಲ್ಫೇಟ್ 600 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಮೀರಿರುತ್ತಿತ್ತು, ಹಾಗಾಗಿ ಬಿಯರಿಗೆ ಹಾಕುವ ಹೂವಾದ ಹಾಪ್ಸ್‌ನ ಕಹಿ ಚುರುಕಾಗಿ ನಿಲ್ಲುವ ಪೇಲ್ ಏಲ್ ಎಂಬ ತಿಳಿಬಣ್ಣದ ಬಿಯರ್ ಅಲ್ಲಿ ಬೆಳೆಯಿತು. ಚೆಕ್ ನಾಡಿನ ಪ್ಲ್‌ಜೆನ್‌ನಲ್ಲಿ ಖನಿಜಗಳೇ ಇಲ್ಲವೆನ್ನುವಷ್ಟು ಮೆದುವಾದ ನೀರು. 1842ರಲ್ಲಿ ಬಿಯರ್ ತಯಾರಕ ಯೋಸೆಫ್ ಗ್ರೋಲ್ ಅದರಲ್ಲೇ ಹೊಂಬಣ್ಣದ ಪಿಲ್ಸ್‌ನರ್ ತೆಗೆದರು. ಬೈಕಾರ್ಬೋನೇಟ್ ತುಂಬಿದ ಮ್ಯೂನಿಕ್‌ನ ನೀರಿಗೆ ಕಂದು ಬಣ್ಣದ ಡುಂಕೆಲ್ ಒಗ್ಗಿತು. ನೀರಿನ ರಸಾಯನ ತಿಳಿಯುವ ಮೊದಲೇ ಆ ಊರುಗಳವರು ತಮ್ಮ ನೀರಿಗೆ ಹೊಂದುವ ಬಿಯರನ್ನು ಹುಡುಕಿಕೊಂಡಿದ್ದರು. ಇಂದು ಅನೇಕ ಹವ್ಯಾಸಿಗಳು ಇದನ್ನು ತಿರುವುಮುರುವಾಗಿ ಮಾಡುತ್ತಾರೆ. ಬರ್ಟನ್ ನೀರಿನ ಅಂಕಿಗಳನ್ನು ಹಿಡಿದು ತಮ್ಮ ಬಾವಿಯ ನೀರಿಗೆ ಚಮಚಗಟ್ಟಲೆ ಲವಣ ಸುರಿಯುತ್ತಾರೆ. ಯಾವ ಊರಿನ ನೀರನ್ನೂ ನಕಲು ಮಾಡುವ ಅಗತ್ಯವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನಿಮ್ಮ ಬಾವಿಯ ನೀರನ್ನು ತಿಳಿದುಕೊಳ್ಳಿ, ಅದಕ್ಕೊಪ್ಪುವ ಬಿಯರನ್ನು ಮೊದಲು ಮಾಡಿ, ತಿದ್ದುಪಡಿ ಬೇಕಾದಲ್ಲಿ ಬೇಕಾದಷ್ಟೇ ಮಾಡಿ.

ನ್ಯೂಜೆರ್ಸಿಯೊಂದರಲ್ಲೇ ಮೂರು ಬಗೆಯ ನೀರು ಸಿಗುತ್ತದೆ. ವಾಯವ್ಯದ ಸುಣ್ಣಕಲ್ಲಿನ ಕಣಿವೆಗಳಲ್ಲಿ ಗಡಸು ನೀರು. ಹಂಟರ್‌ಡನ್, ಸಾಮರ್‌ಸೆಟ್, ಮರ್ಸರ್ ಕೌಂಟಿಗಳ ಜೇಡುಬಂಡೆಯ ಪ್ರದೇಶದಲ್ಲಿ ಕೆಲವು ಬಾವಿಗಳಿಗೆ ಬಂಡೆಯಿಂದಲೇ ಆರ್ಸೆನಿಕ್ ಇಳಿಯುತ್ತದೆ. ದಕ್ಷಿಣದ ಪೈನ್‌ಲ್ಯಾಂಡ್ಸ್‌ನ ಮರಳು ನೆಲದಲ್ಲಿ ಮೆದುವಾದರೂ ಆಮ್ಲೀಯವಾದ, ಅನೇಕ ಕಡೆ ಕಬ್ಬಿಣ ಬೆರೆತ ನೀರು. ನೆರೆಮನೆಯವರ ವರದಿ ನಿಮ್ಮ ಬಾವಿಗೆ ಅನ್ವಯಿಸುತ್ತದೆಂಬ ಭರವಸೆಯೂ ಇಲ್ಲ, ಏಕೆಂದರೆ ಆಳ ಬದಲಾದರೆ ಬಂಡೆಯ ಪದರವೂ ಬದಲಾಗಬಹುದು.

ಹಂತ 1: ಕುಡಿಯಲು ಯೋಗ್ಯವೇ ಎಂದು ಖಚಿತಪಡಿಸಿಕೊಳ್ಳುವುದು

ಕುದಿಸುತ್ತೇವಲ್ಲ, ಏನಿದ್ದರೂ ಸಾಯುತ್ತದೆ ಎಂಬ ಧೈರ್ಯ ಅರ್ಧ ಮಾತ್ರ ಸರಿ. ಒಂದು ಗಂಟೆಯ ಕುದಿತದಲ್ಲಿ ಬ್ಯಾಕ್ಟೀರಿಯ ಸಾಯುತ್ತದೆ, ಆದರೆ ನೈಟ್ರೇಟ್, ಆರ್ಸೆನಿಕ್, ಸೀಸಗಳು ಎಲ್ಲಿಗೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವುಗಳ ಸಾಂದ್ರತೆ ಹೆಚ್ಚುತ್ತದೆ. ಅಮೆರಿಕದ ಒಕ್ಕೂಟ ಮಿತಿಗಳಂತೆ ಕುಡಿಯುವ ನೀರಿನಲ್ಲಿ ನೈಟ್ರೇಟ್, ನೈಟ್ರೋಜನ್ ಲೆಕ್ಕದಲ್ಲಿ, 10 ಪಿಪಿಎಂ ಮೀರಬಾರದು. ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು. ನ್ಯೂಜೆರ್ಸಿ ತನ್ನ ಆರ್ಸೆನಿಕ್ ಮಿತಿಯನ್ನು 5 ಮೈಕ್ರೋಗ್ರಾಂಗೆ ಇಳಿಸಿಕೊಂಡಿದೆ. ಆ ರಾಜ್ಯದಲ್ಲಿ 2001ರ ಖಾಸಗಿ ಬಾವಿ ಪರೀಕ್ಷಾ ಕಾಯ್ದೆಯ ಪ್ರಕಾರ ಮನೆ ಮಾರಾಟವಾಗುವಾಗ ಬಾವಿಯ ನೀರನ್ನು ಪರೀಕ್ಷಿಸಲೇಬೇಕಾದ್ದರಿಂದ, ಅಲ್ಲಿ ಮನೆ ಕೊಂಡವರ ಕಾಗದಪತ್ರಗಳ ಕಟ್ಟಿನಲ್ಲಿ ಒಂದು ಹಳೆಯ ವರದಿಯಾದರೂ ಸಿಗುತ್ತದೆ. ಅದನ್ನು ಹುಡುಕಿ ತೆಗೆಯಿರಿ. ಆದರೆ ಅದು ಆರೋಗ್ಯದ ದೃಷ್ಟಿಯ ವರದಿ. ಬಿಯರಿಗೆ ಬೇಕಾದ ಕ್ಯಾಲ್ಸಿಯಂ, ಸಲ್ಫೇಟ್, ಕ್ಷಾರೀಯತೆಗಳು (ಕ್ಷಾರೀಯತೆ ಎಂದರೆ ಆಮ್ಲವನ್ನು ತಗ್ಗಿಸುವ ನೀರಿನ ಶಕ್ತಿ) ಅದರಲ್ಲಿ ಇರಲಿಕ್ಕಿಲ್ಲ.

ನೀರು ಮಲಿನವಾಗಿರುವ ಸುಳಿವು ಕೊಡುವ ಕೋಲಿಫಾರ್ಮ್ ಬ್ಯಾಕ್ಟೀರಿಯದ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಮಾಡಿಸಬೇಕು. ಕುದಿತದ ನಂತರ ಫರ್ಮೆಂಟರ್ (ಬಿಯರ್ ಹುದುಗುವ ಪಾತ್ರೆ) ತೊಳೆಯುವುದು, ಯೀಸ್ಟನ್ನು ನೆನೆಸುವುದು, ಪ್ರಮಾಣ ಕಡಿಮೆಯಾದರೆ ಮೇಲಿಂದ ನೀರು ಸೇರಿಸುವುದು ಇವೆಲ್ಲ ಕುದಿಸದ ನೀರಿನ ಕೆಲಸಗಳು. ವರದಿ ಶುದ್ಧವಾಗಿ ಬಂದಿದ್ದರೂ ಈ ಕೆಲಸಗಳಿಗೆ ಕುದಿಸಿ, ಮುಚ್ಚಿಟ್ಟು, ಆರಿಸಿದ ನೀರನ್ನೇ ಬಳಸುವುದು ಒಳ್ಳೆಯದು.

ಹಂತ 2: ಮಾದರಿ ಹಿಡಿಯುವುದು

ವರದಿ ಎಷ್ಟು ನಂಬಿಕೆಗೆ ಅರ್ಹವೆಂಬುದು ಬಾಟಲಿ ತುಂಬಿದ ರೀತಿಯ ಮೇಲಿದೆ. ಮೊದಲಿಗೆ, ನಿಮ್ಮ ಮನೆಯಲ್ಲಿ ನೀರು ಮೆದುಗೊಳಿಸುವ ಸಾಫ್ಟನರ್ ಯಂತ್ರವಿದೆಯೇ ಎಂದು ನೆಲಮಾಳಿಗೆಯಲ್ಲಿ ನೋಡಿ. ಅದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ತೆಗೆದು ಅವುಗಳ ಜಾಗದಲ್ಲಿ ಸೋಡಿಯಂ ತುಂಬುತ್ತದೆ. ಬೈಕಾರ್ಬೋನೇಟನ್ನು ಮುಟ್ಟುವುದೇ ಇಲ್ಲ. ಅಂದರೆ ಬಿಯರಿಗೆ ಬೇಕಾದುದನ್ನು ಕಳೆದು, ಬೇಡವಾದುದನ್ನು ಉಳಿಸಿ, ಮೇಲಿಂದ ಉಪ್ಪಿನ ರುಚಿಯ ಲೋಹವನ್ನೂ ಸೇರಿಸುತ್ತದೆ. ಗಡಸುತನದ ಪ್ರತಿ ಒಂದು ಗ್ರೇನ್‌ಗೆ, ಅಂದರೆ 17.1 ಪಿಪಿಎಂಗೆ, ಸುಮಾರು 8 ಪಿಪಿಎಂ ಸೋಡಿಯಂ ಸೇರುತ್ತದೆ. 18 ಗ್ರೇನ್ ಗಡಸುತನದ ನೀರು ಸಾಫ್ಟನರ್ ದಾಟುವಷ್ಟರಲ್ಲಿ 140 ಪಿಪಿಎಂಗೂ ಹೆಚ್ಚು ಸೋಡಿಯಂ ಪಡೆದಿರುತ್ತದೆ. ಈ ನೀರು ಬಿಯರಿಗೆ ಸಲ್ಲದು. ತೋಟಕ್ಕೆ ನೀರು ಬಿಡುವ ಹೊರಗಿನ ನಲ್ಲಿಗೆ ಅನೇಕ ಮನೆಗಳಲ್ಲಿ ಸಾಫ್ಟನರಿಗಿಂತ ಮುಂಚೆಯೇ ಕವಲು ತೆಗೆದಿರುತ್ತಾರೆ. ಕೊಳವೆಯ ಜಾಡು ಹಿಡಿದು ಖಚಿತಪಡಿಸಿಕೊಂಡು, ಬಿಯರಿನ ನೀರನ್ನೂ ಮಾದರಿಯನ್ನೂ ಅಲ್ಲಿಂದಲೇ ಹಿಡಿಯಿರಿ. ತೋಟದ ಸಾಮಾನ್ಯ ರಬ್ಬರ್ ಪೈಪನ್ನು ನಡುವೆ ಸಿಕ್ಕಿಸಬೇಡಿ, ಅದರ ವಾಸನೆ ಬಿಯರಿನವರೆಗೂ ಬರುತ್ತದೆ.

ಖನಿಜಗಳ ಪರೀಕ್ಷೆಗೆ ನಲ್ಲಿಯನ್ನು ಐದು ಹತ್ತು ನಿಮಿಷ ಬಿಟ್ಟು, ಒತ್ತಡದ ಟ್ಯಾಂಕಿನಲ್ಲಿ ನಿಂತ ನೀರು ಹೊರಹೋಗಿ ಬಾವಿಯ ಪಂಪು ಓಡಲು ಶುರುವಾದ ಮೇಲೆ ಬಾಟಲಿ ತುಂಬಬೇಕು. ಕೋಲಿಫಾರ್ಮ್ ಪರೀಕ್ಷೆಗೆ ಪ್ರಯೋಗಾಲಯ ಕೊಟ್ಟ ಬಾಟಲಿಯನ್ನು ತೊಳೆಯಬಾರದು. ನಲ್ಲಿಯ ಬಾಯಿಯ ಜಾಲರಿಯನ್ನು ಬಿಚ್ಚಿ, ಬಾಯಿಯನ್ನು ಆಲ್ಕೋಹಾಲಿನಿಂದ ಒರೆಸಿ, ಮುಚ್ಚಳದ ಒಳಭಾಗ ಮುಟ್ಟದೆ ತುಂಬಿ, ಮಂಜುಗಡ್ಡೆಯ ಜೊತೆಯಿಟ್ಟು ಅದೇ ದಿನ ತಲುಪಿಸುವುದು ಕ್ರಮ. ಸೀಸಕ್ಕೆ ಮಾತ್ರ ಇದರ ವಿರುದ್ಧ. ಅದನ್ನು ರಾತ್ರಿಯೆಲ್ಲ ಕೊಳವೆಯಲ್ಲಿ ನಿಂತ ಮೊದಲ ನೀರಿನಲ್ಲಿ ನೋಡುತ್ತಾರೆ.

ಕಬ್ಬಿಣವಿದೆಯೇ ಎಂದು ಹಣವಿಲ್ಲದೆಯೂ ತಿಳಿಯಬಹುದು. ಬಿಳಿಯ ಬಕೆಟ್ಟಿನಲ್ಲಿ ಬಾವಿ ನೀರು ತುಂಬಿ ರಾತ್ರಿ ಹಾಗೇ ಬಿಡಿ. ಹಿಡಿದಾಗ ಸ್ಫಟಿಕದಂತಿದ್ದ ನೀರು ಬೆಳಿಗ್ಗೆ ಹೊತ್ತಿಗೆ ಚಹಾದ ಬಣ್ಣಕ್ಕೆ ತಿರುಗಿ ತಳದಲ್ಲಿ ಕೆಂಗಂದು ಮಡ್ಡಿ ಕೂತಿದ್ದರೆ, ಕರಗಿದ್ದ ಕಬ್ಬಿಣ ಗಾಳಿ ತಾಗಿ ತುಕ್ಕಾಗಿದೆ ಎಂದರ್ಥ. ಬಟ್ಟೆ, ಪಾತ್ರೆಗಳಿಗೆ ಕಲೆಯಾಗದಿರಲೆಂದು ಇಟ್ಟ ಸೂಚನಾ ಮಿತಿ 0.3 ಪಿಪಿಎಂ, ಬಿಯರಿಗೆ 0.1ಕ್ಕಿಂತ ಕಡಿಮೆಯಿರುವುದು ಮೇಲು, ಏಕೆಂದರೆ ಕಬ್ಬಿಣ ನಾಲಿಗೆಗೆ ನೆತ್ತರಿನಂಥ ರುಚಿ ತರುವುದಲ್ಲದೆ ಬಿಯರ್ ಬೇಗ ಹಳಸುವಂತೆ ಮಾಡುತ್ತದೆ. ಗಾಳಿಯಾಡಿಸಿ, ಮಡ್ಡಿ ತಂಗಲು ಬಿಟ್ಟು, ಮೇಲಿನ ತಿಳಿಯನ್ನು ಸಣ್ಣ ರಂಧ್ರದ ಫಿಲ್ಟರಿನಲ್ಲಿ ಸೋಸಿದರೆ ಸ್ವಲ್ಪ ಕಬ್ಬಿಣವನ್ನು ನಿಭಾಯಿಸಬಹುದು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೆಚ್ಚು ಹಟ ಮಾಡುವುದಿಲ್ಲ, ಗಾಳಿಯಾಡಿಸಿ ಕುದಿಸಿದರೆ ಹಾರಿಹೋಗುತ್ತದೆ.

ಹಂತ 3: ವರದಿ ಓದುವುದು

ಬಿಯರಿಗೆ ಬೇಕಾದ ಅಂಕಿಗಳು ಆರು: ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಸಲ್ಫೇಟ್, ಕ್ಲೋರೈಡ್, ಒಟ್ಟು ಕ್ಷಾರೀಯತೆ. ಪಿಎಚ್ ಮೌಲ್ಯವನ್ನು ಎಲ್ಲರೂ ಮೊದಲು ನೋಡುತ್ತಾರೆ, ಆದರೆ ನೀರಿನ ಪಿಎಚ್ ಬಿಯರಿನ ಬಗ್ಗೆ ಹೇಳುವುದು ಬಹಳ ಕಡಿಮೆ. ಕೊಳವೆಗಳಿಂದ ಸೀಸ, ತಾಮ್ರ ಕರಗಿಸುವಷ್ಟು ಆಮ್ಲೀಯವಾಗಿದೆಯೇ ಎಂದು ನೋಡಲು ಅದು ಸಾಕು. ಗೆಲುವು ಸೋಲು ನಿರ್ಧಾರವಾಗುವುದು ಕ್ಷಾರೀಯತೆಯಲ್ಲಿ.

ಅಂಕಿಗಳ ಲೆಕ್ಕದ ಪರಿಭಾಷೆ ಇಲ್ಲಿ ದಾರಿ ತಪ್ಪಿಸುತ್ತದೆ. ಕೆಲವು ಪ್ರಯೋಗಾಲಯಗಳು ಸಲ್ಫೇಟನ್ನು ಸಲ್ಫರ್ ಲೆಕ್ಕದಲ್ಲಿ ಕೊಡುತ್ತವೆ. ಅದನ್ನು 3ರಿಂದ ಗುಣಿಸಿದರೆ ನಿಜವಾದ ಸಲ್ಫೇಟ್ ಸಿಗುತ್ತದೆ. ಬೈಕಾರ್ಬೋನೇಟ್ ಕೊಟ್ಟಿದ್ದರೆ 0.82ರಿಂದ ಗುಣಿಸಿ, ಕ್ಯಾಲ್ಸಿಯಂ ಕಾರ್ಬೋನೇಟ್ ಲೆಕ್ಕದ ಕ್ಷಾರೀಯತೆ ಬರುತ್ತದೆ. ಕ್ಯಾಲ್ಸಿಯಂ ಗಡಸುತನವೆಂದು ಬರೆದಿದ್ದರೆ 0.4ರಿಂದ ಗುಣಿಸಿ, ಕ್ಯಾಲ್ಸಿಯಂ ಬರುತ್ತದೆ.

ಒಟ್ಟು ಗಡಸುತನವನ್ನಷ್ಟೇ ನೋಡಿ ತೀರ್ಮಾನಿಸುವಂತಿಲ್ಲ. ಗಡಸು ನೀರಿನಲ್ಲಿ ತೊಗರಿಬೇಳೆ ಬೇಯದೆಂಬುದು ನಮ್ಮ ಅಡುಗೆಮನೆಗಳ ಹಳೆಯ ಅನುಭವ. ಆದರೆ ಬೇಳೆ ಗಡಸುತನವನ್ನು ತೋರಿಸೀತೇ ಹೊರತು ಅದು ಯಾವ ಬಗೆಯದೆಂದು ಹೇಳದು. 300 ಪಿಪಿಎಂ ಗಡಸುತನ ಜಿಪ್ಸಮ್ಮಿನಿಂದ ಬಂದಿದ್ದರೆ ಆ ಬಾವಿ ಪೇಲ್ ಏಲ್‌ಗೆ ಹೇಳಿಮಾಡಿಸಿದ್ದು. ಅದೇ 300 ಸುಣ್ಣಕಲ್ಲಿನ ಬೈಕಾರ್ಬೋನೇಟಿನಿಂದ ಬಂದಿದ್ದರೆ ಪೇಲ್ ಏಲ್ ಮಂಕಾಗಿ, ಒರಟು ಕಹಿಯಿಂದ ಕೂಡಿರುತ್ತದೆ.

ಈ ವ್ಯತ್ಯಾಸವನ್ನು ಒಂದೇ ಅಂಕಿಯಲ್ಲಿ ಹಿಡಿದವರು ಜರ್ಮನಿಯ ಬಿಯರ್ ವಿಜ್ಞಾನಿ ಪೌಲ್ ಕೋಲ್‌ಬಾಖ್. ಮ್ಯಾಶ್‌ನಲ್ಲಿ, ಅಂದರೆ ಒಡೆದ ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಸುಮಾರು 66 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ನೆನೆಸಿ ಪಿಷ್ಟವನ್ನು ಸಕ್ಕರೆಯಾಗಿಸುವ ಹಂತದಲ್ಲಿ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಮಾಲ್ಟಿನ ಫಾಸ್ಫೇಟಿನೊಡನೆ ವರ್ತಿಸಿ ಕ್ಷಾರೀಯತೆಯ ಒಂದಂಶವನ್ನು ರದ್ದುಮಾಡುತ್ತವೆ. ಉಳಿಯುವುದೇ ಉಳಿಕೆ ಕ್ಷಾರೀಯತೆ. ಕ್ಯಾಲ್ಸಿಯಂ ಪಿಪಿಎಂ ಅನ್ನು 1.4ರಿಂದಲೂ ಮೆಗ್ನೀಸಿಯಂ ಪಿಪಿಎಂ ಅನ್ನು 1.7ರಿಂದಲೂ ಭಾಗಿಸಿ, ಎರಡನ್ನೂ ಒಟ್ಟು ಕ್ಷಾರೀಯತೆಯಿಂದ ಕಳೆಯಬೇಕು.

ಸುಣ್ಣಕಲ್ಲಿನ ಕಣಿವೆಯ ಬಾವಿಯೊಂದರ ಮಾದರಿ ವರದಿಯನ್ನು ಹೀಗೆ ಊಹಿಸಿಕೊಳ್ಳೋಣ: ಕ್ಯಾಲ್ಸಿಯಂ 80, ಮೆಗ್ನೀಸಿಯಂ 24, ಸೋಡಿಯಂ 12, ಸಲ್ಫೇಟ್ 30, ಕ್ಲೋರೈಡ್ 25, ಕ್ಷಾರೀಯತೆ 240. ಲೆಕ್ಕ ಮಾಡಿದರೆ 240ರಿಂದ 57 ಮತ್ತು 14 ಕಳೆದು ಸುಮಾರು 169 ಉಳಿಯುತ್ತದೆ. ಕೋಲ್‌ಬಾಖ್ ಕಂಡಂತೆ ಉಳಿಕೆ ಕ್ಷಾರೀಯತೆ 178 ಪಿಪಿಎಂ ಏರಿದರೆ ಮಾಲ್ಟು ನೆನೆದ ದ್ರವದ ಪಿಎಚ್ ಸುಮಾರು 0.3 ಏರುತ್ತದೆ. ಶುದ್ಧ ನೀರಿನಲ್ಲೇ 5.7ರ ಆಸುಪಾಸಿನಲ್ಲಿ ನಿಲ್ಲುವ ತಿಳಿ ಮಾಲ್ಟು ಈ ನೀರಿನಲ್ಲಿ 6ನ್ನು ಮುಟ್ಟುತ್ತದೆ. ನಮಗೆ ಬೇಕಾದುದು 5.2ರಿಂದ 5.6ರ ನಡುವೆ.

ಹಂತ 4: ಬಿಯರ್ ಆರಿಸುವುದು, ನೀರು ತಿದ್ದುವುದು

ಇಂತಹ ಬಾವಿಯವರು ಮೊದಲು ಸ್ಟೌಟ್ ಅಥವಾ ಪೋರ್ಟರ್ ಎಂಬ ಕಡುಬಣ್ಣದ ಬಿಯರ್ ಮಾಡಲಿ. ಹುರಿದು ಕಪ್ಪಾಗಿಸಿದ ಮಾಲ್ಟು ತಾನೇ ಆಮ್ಲೀಯವಾದ್ದರಿಂದ ನೀರಿನ ಕ್ಷಾರವನ್ನು ತಾನೇ ತಗ್ಗಿಸುತ್ತದೆ. ಏನನ್ನೂ ಸೇರಿಸದೆ ಒಳ್ಳೆಯ ಬಿಯರ್ ಬರುವ ಸಾಧ್ಯತೆ ಹೆಚ್ಚು. ಉಳಿಕೆ ಕ್ಷಾರೀಯತೆ 50ರ ಆಸುಪಾಸಿನಲ್ಲಿದ್ದರೆ ತಾಮ್ರವರ್ಣದ ಏಲ್‌ಗಳು, ಸೊನ್ನೆ ಅಥವಾ ಅದಕ್ಕಿಂತ ಕೆಳಗಿದ್ದರೆ ತಿಳಿಬಣ್ಣದವು. ಪೈನ್‌ಲ್ಯಾಂಡ್ಸ್‌ನ ಮೆದು ನೀರಿನವರಿಗೆ, ಕಬ್ಬಿಣ ಇಲ್ಲದಿದ್ದಲ್ಲಿ, ಪಿಲ್ಸ್‌ನರಿನ ಬಾಗಿಲು ತೆರೆದೇ ಇದೆ.

ಗಡಸು ಬಾವಿಯವರಿಗೆ ಪೇಲ್ ಏಲೇ ಬೇಕೆಂದರೆ ಕ್ಷಾರೀಯತೆಯನ್ನು ಇಳಿಸಬೇಕು. ಇದಕ್ಕೆ ನಾನು ಮೊದಲು ಹೇಳುವ ದಾರಿ, ಖನಿಜಗಳನ್ನು ಬಹುತೇಕ ಸೋಸಿ ತೆಗೆದ ಆರ್‌ಓ ನೀರಿನ ಬೆರಕೆ, ಏಕೆಂದರೆ ಅದರಲ್ಲಿ ತಪ್ಪಿಗೆ ಅವಕಾಶ ಕಡಿಮೆ. ಸುಮಾರು 20 ಲೀಟರ್ ಬಿಯರಿಗೆ ಒಟ್ಟು 30 ಲೀಟರ್ ನೀರು ಬೇಕೆಂದುಕೊಂಡರೆ, 15 ಲೀಟರ್ ಬಾವಿ ನೀರಿಗೆ 15 ಲೀಟರ್ ಆರ್‌ಓ ನೀರು ಬೆರೆಸಿದಾಗ ಎಲ್ಲ ಅಂಕಿಗಳೂ ಅರ್ಧವಾಗುತ್ತವೆ: ಕ್ಯಾಲ್ಸಿಯಂ 40, ಕ್ಷಾರೀಯತೆ 120. ಇದಕ್ಕೆ 3 ಗ್ರಾಂ ಜಿಪ್ಸಮ್, 3 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿದರೆ ಕ್ಯಾಲ್ಸಿಯಂ 90ಕ್ಕೆ, ಸಲ್ಫೇಟ್ ಸುಮಾರು 70ಕ್ಕೆ, ಕ್ಲೋರೈಡ್ ಸುಮಾರು 60ಕ್ಕೆ ಏರಿ, ಉಳಿಕೆ ಕ್ಷಾರೀಯತೆ 50ರ ಹತ್ತಿರ ಇಳಿಯುತ್ತದೆ. ಉಳಿದುದನ್ನು 88 ಶೇಕಡಾ ಲ್ಯಾಕ್ಟಿಕ್ ಆಮ್ಲದಿಂದ ತೆಗೆಯಬಹುದು. 30 ಲೀಟರಿಗೆ ಒಂದು ಮಿಲಿಲೀಟರ್ ಹಾಕಿದರೆ ಕ್ಷಾರೀಯತೆ ಸುಮಾರು 19 ಪಿಪಿಎಂ ಕಡಿಮೆಯಾಗುತ್ತದೆ, ಹಾಗಾಗಿ ಎರಡೂವರೆ ಮಿಲಿಲೀಟರ್ ಸಾಕು. ಈ ಪ್ರಮಾಣದಲ್ಲಿ ಅದರ ಹುಳಿ ನಾಲಿಗೆಗೆ ತಿಳಿಯದು. ಗ್ರಾಂ ತೂಗಲು ಚಿನ್ನದಂಗಡಿಯ ಬಗೆಯ ಸಣ್ಣ ತಕ್ಕಡಿ ಬೇಕು, ಚಮಚದ ಅಳತೆ ನಂಬಿಕೆಗೆ ಅರ್ಹವಲ್ಲ. ಜಿಪ್ಸಮ್ಮನ್ನು ಆಹಾರ ದರ್ಜೆಯದೇ ಕೊಳ್ಳಿ.

ಸಲ್ಫೇಟ್ ಹೆಚ್ಚಾದಷ್ಟೂ ಹಾಪ್ಸ್‌ನ ಕಹಿ ಒಣಗಿ ಚುರುಕಾಗುತ್ತದೆ, ಕ್ಲೋರೈಡ್ ಹೆಚ್ಚಾದಷ್ಟೂ ಮಾಲ್ಟಿನ ತುಂಬುರುಚಿ ಮುಂದೆ ಬರುತ್ತದೆ. ಎರಡನ್ನೂ ಒಟ್ಟಿಗೆ ಏರಿಸಿದರೆ ಬಿಯರಿಗೆ ಖನಿಜದ ರುಚಿ ಹತ್ತುತ್ತದೆ. ಕ್ಯಾಲ್ಸಿಯಂ 50ರಿಂದ 150ರ ಒಳಗಿದ್ದರೆ ಯೀಸ್ಟು ಚೆನ್ನಾಗಿ ತಳಕ್ಕಿಳಿಯುತ್ತದೆ.

ಎರಡನೆಯ ದಾರಿ ಕುದಿಸುವುದು. ನೀರನ್ನು ಹದಿನೈದು ಇಪ್ಪತ್ತು ನಿಮಿಷ ಕುದಿಸಿ ಆರಲು ಬಿಟ್ಟರೆ ಬೈಕಾರ್ಬೋನೇಟು ಸುಣ್ಣದ ಪುಡಿಯಾಗಿ ತಳ ಸೇರುತ್ತದೆ. ಮೇಲಿನ ತಿಳಿಯನ್ನು ಕದಡದಂತೆ ಬಸಿದುಕೊಳ್ಳಬೇಕು. ಖರ್ಚು ಇಂಧನದ್ದು ಮಾತ್ರ. ಆದರೆ ಕ್ಷಾರೀಯತೆ ಎಷ್ಟು ಇಳಿಯಿತೋ ಅದರ ಹತ್ತರಲ್ಲಿ ನಾಲ್ಕು ಪಾಲಿನಷ್ಟು ಕ್ಯಾಲ್ಸಿಯಂ ಕೂಡ ಹೋಗುತ್ತದೆ. ನಮ್ಮ ಮಾದರಿಯಲ್ಲಿ 240 ಕ್ಷಾರೀಯತೆ 80ಕ್ಕಿಳಿದರೆ 64 ಪಿಪಿಎಂ ಕ್ಯಾಲ್ಸಿಯಂ ಕಳೆದು ಉಳಿಯುವುದು 16 ಮಾತ್ರ, ಆದ್ದರಿಂದ ಕುದಿಸುವ ಮೊದಲೇ ಸ್ವಲ್ಪ ಜಿಪ್ಸಮ್ ಸೇರಿಸುವುದು ರೂಢಿ. ಅರಳಿದ ಸುಣ್ಣದಿಂದ ಕ್ಷಾರ ಇಳಿಸುವ ವಿಧಾನವೂ ಇದೆ. ಅಳತೆ ಸ್ವಲ್ಪ ಹೆಚ್ಚಾದರೂ ಪಿಎಚ್ ಹಾರುವುದರಿಂದ ಹೊಸಬರಿಗೆ ಅದನ್ನು ಹೇಳಲಾರೆ.

ಹಂತ 5: ತಯಾರಿಕೆಯ ದಿನ

ಲವಣಗಳನ್ನು ಮ್ಯಾಶ್ ನೀರಿಗೆ ಬೆರೆಸಿ ಮಾಲ್ಟು ಸುರಿದ ಹತ್ತು ಹದಿನೈದು ನಿಮಿಷದ ನಂತರ ಒಂದು ಸೌಟು ದ್ರವ ತೆಗೆದು, ತಟ್ಟೆಯಲ್ಲಿ ಹರಡಿ, ಕೋಣೆಯ ಉಷ್ಣತೆಗೆ ತಣಿಸಿ ಪಿಎಚ್ ಮೀಟರಿನಲ್ಲಿ ನೋಡಿ. ಬಿಸಿಯಾಗಿರುವಾಗಲೇ ಅಳೆದರೆ ಅಂಕಿ ಸುಮಾರು 0.3ರಷ್ಟು ಕಡಿಮೆ ತೋರುತ್ತದೆ, ಮೀಟರಿನ ಗಾಜಿನ ಬುರುಡೆಯೂ ಬೇಗ ಹಾಳಾಗುತ್ತದೆ. ಬಣ್ಣದ ಕಾಗದದ ಪಟ್ಟಿಗಳಿಂದ ಇಷ್ಟು ಸೂಕ್ಷ್ಮ ವ್ಯತ್ಯಾಸ ತಿಳಿಯದು. 5.6ಕ್ಕಿಂತ ಮೇಲಿದ್ದರೆ ಆಮ್ಲವನ್ನು ಅರ್ಧ ಅರ್ಧ ಮಿಲಿಲೀಟರಿನಂತೆ ಹಾಕಿ, ಕಲಸಿ, ಮತ್ತೆ ಅಳೆಯಿರಿ. ಒಮ್ಮೆ ಅತಿಯಾಗಿ ಇಳಿಸಿದ ಮೇಲೆ ಏರಿಸುವುದು ಕಷ್ಟ.

ಮಾಲ್ಟಿನಲ್ಲಿ ಉಳಿದ ಸಕ್ಕರೆ ತೊಳೆಯಲು ಮೇಲಿಂದ ಸುರಿಯುವ ಸ್ಪಾರ್ಜ್ ನೀರನ್ನು ಬಾವಿಯವರು ಮರೆಯುವುದುಂಟು. ಕ್ಷಾರೀಯ ಬಿಸಿನೀರು ಬಾರ್ಲಿಯ ಸಿಪ್ಪೆಯಿಂದ ಒಗರನ್ನು ಎಳೆಯುತ್ತದೆ, ಚಹಾಸೊಪ್ಪನ್ನು ಅತಿಯಾಗಿ ಕುದಿಸಿದಾಗಿನ ಒಗರು. ಆ ನೀರಿನ ಪಿಎಚ್ 6ಕ್ಕಿಂತ ಕೆಳಗೂ ಉಷ್ಣತೆ 77 ಡಿಗ್ರಿಗಿಂತ ಕೆಳಗೂ ಇರಲಿ.

ಡಬ್ಬಿಯ ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್ ಬಳಸುವವರಿಗೆ ಈ ಲೆಕ್ಕ ಬಹುಪಾಲು ಬೇಡ. ಮ್ಯಾಶ್ ಕಾರ್ಖಾನೆಯಲ್ಲೇ ಮುಗಿದಿದೆ, ಅಲ್ಲಿನ ನೀರಿನ ಖನಿಜಗಳೂ ಎಕ್ಸ್‌ಟ್ರ್ಯಾಕ್ಟಿನಲ್ಲೇ ಉಳಿದಿವೆ. ಕಬ್ಬಿಣವಿಲ್ಲದ, ಕುಡಿಯಲು ಹಿತವಾದ ನೀರು ಸಾಕು. ಬಾವಿ ತೀರಾ ಗಡಸಾಗಿದ್ದರೆ ಆರ್‌ಓ ನೀರು.

ಬಾವಿಯ ಮೇಲೆ ಕಣ್ಣಿಡುವುದು

ವಸಂತದಲ್ಲಿ ಹಿಮ ಕರಗಿದ ನಂತರದ ನೀರೂ ಬೇಸಿಗೆಯ ಕೊನೆಯ ನೀರೂ ಒಂದೇ ಆಗಿರಬೇಕಿಲ್ಲ, ಮುಖ್ಯವಾಗಿ ಬಾವಿ ಆಳವಿಲ್ಲದಿದ್ದರೆ. ಪ್ರತಿ ಸಲ ಪ್ರಯೋಗಾಲಯಕ್ಕೆ ಕಳಿಸುವುದು ದುಬಾರಿ. ನೀರಿನಲ್ಲಿ ಕರಗಿದ ಒಟ್ಟು ಲವಣಗಳನ್ನು ತೋರಿಸುವ, ಕೈಯಲ್ಲಿ ಹಿಡಿಯುವ ಟಿಡಿಎಸ್ ಮೀಟರೊಂದನ್ನು ಇಟ್ಟುಕೊಂಡು, ಮಾದರಿ ಕಳಿಸಿದ ದಿನದ ಅಂಕಿಯನ್ನು ವರದಿಯ ಮೇಲೆಯೇ ಬರೆದಿಡಿ. ಆಮೇಲೆ ಪ್ರತಿ ತಯಾರಿಕೆಯ ದಿನ ಅಳೆದು, ಅಂಕಿ ಗಮನಾರ್ಹವಾಗಿ ಬದಲಾದಾಗ ಮಾತ್ರ ಹೊಸ ಪರೀಕ್ಷೆ ಮಾಡಿಸಿ. ಯಾವ ಖನಿಜ ಬದಲಾಯಿತೆಂದು ಈ ಮೀಟರ್ ಹೇಳದು, ಏನೋ ಬದಲಾಗಿದೆ ಎಂಬುದನ್ನಷ್ಟೇ ಹೇಳುತ್ತದೆ.

ಕೋಲಿಫಾರ್ಮ್ ಕಂಡುಬಂದು ಬಾವಿಗೆ ಕ್ಲೋರಿನ್ ಸುರಿಸಿದ್ದರೆ, ವಾಸನೆ ಹೋಗುವವರೆಗೆ ಪಂಪು ಮಾಡಿ ಹೊರಬಿಟ್ಟು, ಮರುಪರೀಕ್ಷೆಯಲ್ಲಿ ಶುದ್ಧವೆಂದು ಬಂದ ಮೇಲೆಯೇ ಬಿಯರಿಗೆ ಬಳಸಿ. ಆಗಲೂ ಮೊದಲ ಬ್ಯಾಚಿನ ನೀರಿಗೆ ಅರ್ಧ ಕ್ಯಾಂಪ್‌ಡೆನ್ ಮಾತ್ರೆಯನ್ನು ಪುಡಿಮಾಡಿ ಹಾಕಿ ಕದಡಿದರೆ, ಅಳಿದುಳಿದ ಕ್ಲೋರಿನ್ ಕೆಲವೇ ನಿಮಿಷಗಳಲ್ಲಿ ಇಲ್ಲವಾಗುತ್ತದೆ. ಒಂದು ಮಾತ್ರೆ ಸುಮಾರು 75 ಲೀಟರಿಗೆ ಸಾಕಾಗುವುದರಿಂದ 30 ಲೀಟರಿಗೆ ಅರ್ಧವೇ ಹೆಚ್ಚು.